ಚೊಕ್ಕಿ ತೊಳೆದ ಬಂಡೆ

ಚೊಕ್ಕಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಅವಳ ಅಮ್ಮ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ತೊಳೆಯುವ ಆಯಾ. ಡಾಕ್ಟರು ಕತ್ತರಿ ಹಿಡಿಯುವ ಮೊದಲು ಆ ನೆಲಕ್ಕೆ ಅಮ್ಮನ ಕೈ ಬೀಳಬೇಕು, ಕತ್ತರಿ ಕೆಳಗಿಟ್ಟ ಮೇಲೂ ಬೀಳಬೇಕು. ಅಂಥವಳ ಮನೆಯೊಳಗೆ ಬರಲು ಧೂಳಿಗೂ ಹೆದರಿಕೆ. ಮಗಳು ನಡೆಯುವುದಕ್ಕಿಂತ ಮೊದಲೇ ನೆಲ ಒರೆಸುವುದನ್ನು ಕಲಿತಳು ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಅಂಬೆಗಾಲಿಡುವ ಮಗು ನೆಲ ಒರೆಸದೆ ಇನ್ನೇನು ಮಾಡುತ್ತದೆ, ಅದು ಬೇರೆ ಮಾತು.

ಇಂಥ ಹುಡುಗಿ ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು ಪರದೇಶದ ಕಡಲಂಚಿನ ಊರೊಂದಕ್ಕೆ ಹೋದದ್ದು ಅಲ್ಲಿನ ತೀರದ ಜೀವಿಗಳ ಬಗ್ಗೆ ಓದಲು. ಅಲ್ಲಿಯವರೆಗೆ ಅವಳು ಸಮುದ್ರ ನೋಡಿದ್ದು ಕ್ಯಾಲೆಂಡರಿನಲ್ಲಿ.

“ಏನೇ ಓದ್ತೀಯ ಅಲ್ಲಿ?” ಎಂದು ಫೋನಿನಲ್ಲಿ ಅಮ್ಮ ಕೇಳಿದಳು.

“ಬಸವನಹುಳು ಎಣಿಸ್ತೀವಮ್ಮ.”

“ಅಯ್ಯೋ ನಿನ್ನ! ಅದಕ್ಕೆ ವಿಮಾನ ಹತ್ಬೇಕಿತ್ತಾ? ಪಕ್ಕದ ಮನೆ ಬಚ್ಚಲ ಹಿಂದೆ ಬೇಕಾದಷ್ಟಿತ್ತಲ್ಲೇ!”

ಊರಿನ ಬೀದಿಗಳೆಲ್ಲ ಇಳಿದಿಳಿದು ಹೋಗಿ ಕೊನೆಗೆ ನೀರಿನಲ್ಲೇ ಮುಗಿಯುತ್ತಿದ್ದವು. ತರಗತಿ ಮುಗಿದೊಡನೆ ಚೊಕ್ಕಿ ಅವುಗಳಲ್ಲಿ ಒಂದೊಂದನ್ನೇ ಹಿಡಿದು ಇಳಿಯುವಳು. ಬಾಗಿಲ ಹಿಡಿಗಳು ಉಪ್ಪು ಗಾಳಿಗೆ ಅಂಟಂಟು. ದೋಣಿ ರಿಪೇರಿಯ ಶೆಡ್ಡಿನಲ್ಲಿ ಟಾರಿನ ವಾಸನೆ. ಬಲೆಯ ಹರುಕು ಹೊಲಿಯುತ್ತ ಕುಳಿತ ಮುದುಕಿಯರು ಇವಳನ್ನು ಕಂಡರೆ ಗಲ್ಲವೆತ್ತಿ ನಗುವರು. ಸಮುದ್ರದ ನೀರು ಉಪ್ಪು ಎಂದು ಪುಸ್ತಕದಲ್ಲಿ ಓದಿದವಳೇ ಆದರೂ, ಯಾರೂ ನೋಡದಾಗ ಬೆರಳದ್ದಿ ನೆಕ್ಕಿ ನೋಡಿದಳು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಸಮುದ್ರ ದಿನಕ್ಕೆರಡು ಸಲ ಎದ್ದು ಹೋಗಿ ಮತ್ತೆ ಬರುತ್ತದೆ ಎಂಬುದಂತೂ ಅವಳಿಗೆ ಎಷ್ಟು ಕಂಡರೂ ಸಾಲದ ಸೋಜಿಗ. ಈ ಓದು ಬಿಟ್ಟು ತನಗೆ ಬೇರೆ ಯಾವುದೂ ಬೇಡ ಎಂದು ಅವಳಿಗೆ ಅನ್ನಿಸಿಬಿಟ್ಟಿತು.

ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದವಳು ಇನ್ನೊಂದು ದೇಶದಿಂದ ಬಂದ ಸೀನಿಯರ್. ಚೊಕ್ಕಿ ಅವಳನ್ನು ಅಕ್ಕ ಎಂದು ಕರೆದು, ಅರ್ಥವನ್ನೂ ಹೇಳಿಕೊಟ್ಟಳು. ಮನೆಗೆ ಕಿರಿಮಗಳಾಗಿ ಎಲ್ಲರಿಂದಲೂ ಬೈಸಿಕೊಂಡು ಬೆಳೆದ ಅವಳಿಗೆ ಒಮ್ಮೆಲೇ ಸಿಕ್ಕ ಈ ಬಡ್ತಿ ಬಹಳ ಹಿಡಿಸಿತು. ಅವರಿಬ್ಬರೂ ಆಡುತ್ತಿದ್ದದ್ದು ಇಬ್ಬರದೂ ಅಲ್ಲದ ಮೂರನೆಯ ಭಾಷೆ. ನಾವು ಅದನ್ನು ನಮ್ಮ ಮಾತಿನಲ್ಲೇ ಕೇಳಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಕೋಣೆಯಲ್ಲಿ ಅಕ್ಕನ ಅರ್ಧಭಾಗ ಸಂತೆ ಎದ್ದುಹೋದ ಮೈದಾನ, ಚೊಕ್ಕಿಯ ಅರ್ಧ ಅಮ್ಮನ ಥಿಯೇಟರು. ಅಕ್ಕ ಸ್ನಾನಕ್ಕೆ ಹೋದಾಗಲೆಲ್ಲ ಚೊಕ್ಕಿ ಗಡಿ ದಾಟಿ ಒರೆಸಿಬಿಡುವಳು. “ನನ್ನ ಕಾಲುಚೀಲ ಎಲ್ಲೇ?” ಎಂದು ಅಕ್ಕ ಕಿರುಚುವಳು. ಮಡಿಸಿಟ್ಟ ಜಾಗದಲ್ಲಿ ಹುಡುಕುವ ಅಭ್ಯಾಸ ಅವಳಿಗಿರಲಿಲ್ಲ.

ಆದರೆ ಬಂಡೆಯ ವಿಷಯದಲ್ಲಿ ಅಕ್ಕನಷ್ಟು ಕಟ್ಟುನಿಟ್ಟು ಇನ್ನೊಬ್ಬರಿಲ್ಲ. ನೀರು ಇಳಿದಾಗ ಮೇಲೇಳುವ ಕಪ್ಪು ಬಂಡೆಗಳ ಮೇಲೆ ಅವಳದೇ ಕೆಲವು ಚೌಕಗಳಿದ್ದವು. ನಾಲ್ಕು ಮೂಲೆಗೆ ನಾಲ್ಕು ಮೊಳೆ ಬಡಿದು ಗುರುತು ಮಾಡಿದ, ಮಣೆಯಗಲದ ಜಾಗ ಒಂದೊಂದೂ. ಯಾರೂ ಕೈ ಹಾಕದಿದ್ದರೆ ಅಲ್ಲಿ ಏನೇನು ಬೆಳೆಯುತ್ತದೆ, ಯಾವುದು ಯಾವುದನ್ನು ತಿನ್ನುತ್ತದೆ ಎಂದು ಅವಳು ಮೂರು ವರ್ಷದಿಂದ ನೋಡುತ್ತಿದ್ದಳು. ತಂತಿಯ ಚೌಕಟ್ಟು ಇಡುವುದು, ಒಳಗಿರುವುದನ್ನೆಲ್ಲ ಎಣಿಸುವುದು, ಚೌಕಟ್ಟು ಎತ್ತಿ ಬರುವುದು. ಅವಳ ಪಿಎಚ್‌ಡಿಯೆಲ್ಲ ಅದೇ.

ಒಂದು ಬೆಳಿಗ್ಗೆ ಅಕ್ಕನಿಗೆ ಕೆಂಡದಂಥ ಜ್ವರ. ಅವತ್ತು ಅವಳ ಒಂದು ಚೌಕವನ್ನು ಎಣಿಸಲೇಬೇಕಿತ್ತು.

“ನಾನು ಹೋಗಿ ಬರ್ತೀನಿ, ನೀನು ಮಲ್ಕೋ” ಎಂದಳು ಚೊಕ್ಕಿ.

“ಒಂದೂ ಬಿಡದ ಹಾಗೆ ಎಣಿಸು” ಎಂದು ಕಂಬಳಿಯೊಳಗಿಂದಲೇ ಅಕ್ಕ ಹೇಳಿದಳು.

ಅಷ್ಟು ಸಾಕಾಯಿತು. ಬಂಡೆಯ ಮೇಲೆ ನೋಡಿದರೆ ಲೋಳೆಲೋಳೆ ಪಾಚಿ, ಅದರಡಿ ಎಷ್ಟು ಹುಳುವೋ ಎಷ್ಟು ಚಿಪ್ಪೋ ದೇವರಿಗೇ ಗೊತ್ತು. ಇಷ್ಟು ಗಲೀಜಿನಲ್ಲಿ ಒಂದೂ ಬಿಡದೆ ಎಣಿಸುವುದು ಹೇಗೆ? ಬೂಟು ಉಜ್ಜುವ ಬ್ರಷ್ಷು ಚೀಲದಲ್ಲೇ ಇತ್ತು. ಚೊಕ್ಕಿ ಮೊದಲು ಬಸವನಹುಳುಗಳನ್ನು ಮೆಲ್ಲಗೆ ಬಿಡಿಸಿ ಬಕೆಟ್ಟಿಗೆ ಹಾಕಿದಳು. ಆಮೇಲೆ ತೋಳು ಮೇಲೇರಿಸಿ ಪಾಚಿಯನ್ನೂ ಅಂಟಿಕೊಂಡ ಚಿಪ್ಪುಗಳನ್ನೂ ಎಣಿಸುತ್ತ ಎಣಿಸುತ್ತ ಉಜ್ಜಿದಳು. ಬಂಡೆ ಫಳಫಳ ಹೊಳೆಯಿತು. ಕೊನೆಗೆ ಹುಳುಗಳನ್ನು ತಂದು, ಶಾಲೆಯ ಮಕ್ಕಳನ್ನು ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ, ದೊಡ್ಡವು ಹಿಂದೆ ಚಿಕ್ಕವು ಮುಂದೆ ಎಂದು ಸಾಲಾಗಿ ಇಟ್ಟು ಫೋಟೋ ತೆಗೆದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಾಗಿತ್ತು, ಅವಳಿಗೆ ಮಾತ್ರ ಇನ್ನೂ ಗೊತ್ತಿರಲಿಲ್ಲ.

ಫೋಟೋ ನೋಡಿದ ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೊಕ್ಕಿ ಬದುಕಿಕೊಳ್ಳುತ್ತಿದ್ದಳು. ಅಕ್ಕ ಫೋನನ್ನು ಮೆಲ್ಲಗೆ ಮಂಚದ ಮೇಲಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಅಲುಗುತ್ತಿದ್ದದ್ದು ಜ್ವರಕ್ಕಲ್ಲ ಎಂದು ತಿಳಿಯಲು ಚೊಕ್ಕಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ, ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು.

ವಿಭಾಗದ ಮೇಡಂ ಕರೆಸಿದರು. “ಉಳಿದ ಚೌಕ ಇವೆ, ನಿಜ. ಒಂದು ಬೆರಳು ಹೋದವರಿಗೆ ಉಳಿದವು ಇವೆಯಲ್ಲ ಅಂದ್ರೆ ಸಮಾಧಾನ ಆಗುತ್ತಾ?” ಎಂದರು. “ನೋಡಮ್ಮ, ಮುಂದಿನ ತಿಂಗಳು ತೀರದ ಕೆಲಸಕ್ಕೆ ಯಾರು ಅಂತ ಆರಿಸ್ತೀವಿ. ನಿನ್ನ ವಿಷಯ ನಾನು ಹೇಳಲ್ಲ. ಹಾಳಾಗಿದ್ದು ಅವಳ ಕೆಲಸ, ತೀರ್ಮಾನಾನೂ ಅವಳೇ ಮಾಡ್ಲಿ. ಅವಳು ಬೇಡ ಅಂದ್ರೆ ನೀನು ಕಂಪ್ಯೂಟರ್ ಮುಂದೆ ಕೂತು ಮಾಡೋ ಕೋರ್ಸಿಗೆ ಹೋಗು. ಬಂಡೆ ಕಡೆ ಬರೋ ಹಾಗಿಲ್ಲ.”

ಕೋಣೆಯಲ್ಲಿ ಈಗ ಅಕ್ಕನ ಅರ್ಧವೂ ಚೊಕ್ಕಟ. ಕಾಲುಚೀಲವನ್ನು ಅವಳೇ ಮಡಿಸಿಡುತ್ತಿದ್ದಳು. ಆ ಚೊಕ್ಕಟವನ್ನು ನೋಡಿದರೆ ಚೊಕ್ಕಿಗೆ ಅಳು ಬರುತ್ತಿತ್ತು. ಕ್ಷಮಿಸು ಎಂದು ಒಮ್ಮೆ ಕೇಳಿದ್ದಳು. “ಸರಿ” ಎಂದಿದ್ದಳು ಅಕ್ಕ. ಆ ಸರಿಯೊಳಗೆ ಏನೂ ಇರಲಿಲ್ಲ.

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡು, “ವಾಪಸ್ ಬಂದ್ಬಿಡ್ಲಾ?” ಎಂದಳು.

ಅಮ್ಮ, “ಥಿಯೇಟರಲ್ಲಿ ರಕ್ತ ಬಿದ್ದಾಗ ಹೊಸ ಹುಡುಗೀರು ಹೆದರಿ ಆಚೆ ಓಡ್ತಾರೆ. ಅಷ್ಟರಲ್ಲಿ ಅದು ಒಣಗಿ ಕಲೆ ಆಗೋಗುತ್ತೆ. ಬಿದ್ದ ಜಾಗದಲ್ಲೇ ನಿಲ್ಬೇಕು ಕಣೇ” ಎಂದಳು. “ಈ ಸಲ ಮಾತ್ರ ಏನೂ ಉಜ್ಜಬೇಡಮ್ಮ” ಎಂದೂ ಸೇರಿಸಿದಳು.

ಚೊಕ್ಕಿ ಬಿದ್ದ ಜಾಗಕ್ಕೇ ಹೋದಳು. ನೀರಿಳಿದಾಗಲೆಲ್ಲ ಬಂಡೆಗೆ ಹೋಗಿ, ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು, ತಾನು ಬೋಳಿಸಿದ ಚೌಕದ ಮುಂದೆ ಕೂರತೊಡಗಿದಳು. ಸಾಲುಗಟ್ಟಿ ನಿಲ್ಲಿಸಿದ್ದ ಹುಳುಗಳು ಶಿಸ್ತು ಮರೆತು ಎಂದೋ ತಮ್ಮ ದಾರಿ ಹಿಡಿದಿದ್ದವು. ಮೊದಲ ಕೆಲವು ದಿನ ಬರೀ ಕಲ್ಲು. ಆಮೇಲೆ ನೀರಿನ ಕಡೆಯ ಅಂಚಿನಲ್ಲಿ ಜಾರುವ ತೆಳು ಪೊರೆಯೊಂದು ಬಂತು, ಅದಕ್ಕೆ ಮೆಲ್ಲಗೆ ಹಸಿರು ಏರಿತು. ಮನೆಯಲ್ಲಾಗಿದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಡುವಂಥ ಕೊಳೆ. ಅವಳ ಕೈ ತುರಿಸಿತು, ಅದುಮಿ ಹಿಡಿದಳು. ಹಸಿರು ಕಂಡದ್ದೇ ತಡ, ಪಕ್ಕದಿಂದ ಒಂದು ಬಸವನಹುಳು ಹೊರಟು ಬಂದು ಮೇಯತೊಡಗಿತು. ಅದು ತಿಂದುಹೋದ ದಾರಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳು ಬಂದು ಕೂತವು. ಬಂಡೆಗೆ ಅಂಟಿಕೊಂಡೇ ಬದುಕುವ ಚಿಪ್ಪುಹುಳುವಿನ ಮರಿಗಳು! ತಿಕ್ಕಿ ತೊಳೆದ ಕಲ್ಲಿಗೆ ಯಾರ ಅಪ್ಪಣೆಯನ್ನೂ ಕೇಳದೆ ಒಂದು ಊರೇ ಬಂದು ಇಳಿಯುತ್ತಿತ್ತು. ಚೊಕ್ಕಿಗೆ ತನ್ನ ತಪ್ಪಿನ ಎದುರೇ ಕೂತು ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

ಅಂಥದೊಂದು ಬೆಳಿಗ್ಗೆ ಹಿಂದಿನಿಂದ ಬೂಟಿನ ಸದ್ದು ಕೇಳಿತು. ಅಕ್ಕ. ಮಂಡಿಯೂರಿ, ಕಣ್ಣಿಗೆ ಭೂತಗನ್ನಡಿ ಹಿಡಿದು ಚೌಕದ ಮೇಲೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

“ಈ ಮರಿಗಳು ಯಾವಾಗ ಬಂದವು?”

“ಹೋದ ವಾರ, ಗಾಳಿ ಜೋರಿತ್ತಲ್ಲ, ಅದರ ಮಾರನೇ ದಿನ. ಆ ಬಿರುಕಿನ ಹತ್ರ ಮೊದಲು.”

“ಹಸಿರಿಗಿಂತ ಮುಂಚೆನಾ?”

“ಇಲ್ಲ, ಆಮೇಲೆ. ಹುಳು ಮೇದ ಜಾಗದಲ್ಲಿ ಮಾತ್ರ. ಮೇಯದೆ ಬಿಟ್ಟ ಕಡೆ ಒಂದೂ ಕೂತಿಲ್ಲ.”

“ನೋಡಿದ್ಯಾ, ಊಹೆನಾ?”

“ನೋಡ್ದೆ ಅಕ್ಕ. ದಿನಾ ನೋಡ್ದೆ. ಮುಟ್ಟಿಲ್ಲ.”

ಅಕ್ಕ ಎದ್ದು ನಾಲ್ಕು ಹೆಜ್ಜೆ ದೂರ ಹೋಗಿ ಫೋನ್ ಹಚ್ಚಿದಳು. ಅಲೆಗಳ ಸದ್ದಿಗಾಗಿ ಜೋರಾಗಿಯೇ ಮಾತಾಡಬೇಕಿತ್ತು. ಚೊಕ್ಕಿಗೆ ಒಂದೊಂದು ಮಾತೂ ಕೇಳುತ್ತಿತ್ತು.

“ಮೇಡಂ, ಅವಳ ವಿಷಯ ಹೇಳೋಕೆ ಫೋನ್ ಮಾಡ್ದೆ... ಇಲ್ಲ ಮೇಡಂ, ಕೋಪ ಹೋಗಿಲ್ಲ. ಇವತ್ತು ಹೋಗೋ ಹಾಗೂ ಕಾಣಲ್ಲ. ನನ್ನ ಚೌಕ ಹೋಯ್ತು, ಅದು ಬರಲ್ಲ. ಆದ್ರೆ ಅಲ್ಲಿ ಈಗ ಏನಾಗ್ತಿದೆ ಅಂತ ಮೊದಲ ದಿನದಿಂದ ನೋಡಿರೋದು ಇವಳೊಬ್ಬಳೇ. ನಾನೂ ನೋಡಿಲ್ಲ... ಹೂಂ. ಇರ್ಲಿ. ಬಂಡೆ ಮೇಲೇ ಇರ್ಲಿ.”

ಚೊಕ್ಕಿಯ ಕಣ್ಣು ತುಂಬಿ ಎದುರಿನ ಬಂಡೆ, ಸಮುದ್ರ, ಎಲ್ಲ ಕಲಸಿಹೋಯಿತು. ಅಕ್ಕ ಅಷ್ಟರಲ್ಲಿ ಫೋನನ್ನು ಜೇಬಿಗಿಳಿಸಿ ಹತ್ತಿರ ಬಂದು ನಿಂತಿದ್ದಳು. ಮುಖ ಇನ್ನೂ ಬಿಗಿದೇ ಇತ್ತು.

“ಸ್ವಲ್ಪ ಜರುಗು” ಎಂದಳು.

ಚೊಕ್ಕಿ ಜರುಗಿದಳು.