ಹೆಪ್ಪಿಗೊಂದು ಬಕೆಟ್ ಕೆಸರು

ನಮ್ಮ ಕೇರಿಯ ಕಾಲುವೆಯಲ್ಲಿ ನೊರೆ ಕಂಡರೆ ಎಲ್ಲರ ಕಣ್ಣೂ ಬಟ್ಟೆ ತೊಳೆಯುವ ಮನೆಗಳ ಕಡೆ ತಿರುಗುತ್ತದೆ. ಆ ಸಲ ಹೊಸ ವರ್ಷದ ಹಬ್ಬ ಮುಗಿದ ಬೆನ್ನಿಗೇ ನೊರೆ ಬಂತು. ಬರುತ್ತಿದ್ದದ್ದು ಮಿತ್ಸುಯೊಳ ಮನೆಯಿಂದ.

ಬಾನ್‌ಶು ಎಂಬ ನಮ್ಮ ಸೀಮೆಯ ಮಗ್ಗಗಳಲ್ಲಿ ಉದ್ದಕ್ಕೆ ಬಿಗಿದ ಹಾಸಿನ ನೂಲು ಕಡಿಯದಿರಲೆಂದು ಗಂಜಿ ಹಾಕುತ್ತಾರೆ. ಅಜ್ಜಿಯರ ಕಾಲದ ಅಕ್ಕಿ ಗಂಜಿ ಈಗಿಲ್ಲ. ಈಗಿನದು ಕಾರ್ಖಾನೆಯ ಗಂಜಿ, ನೀರಿನಲ್ಲಿ ಕರಗುವ ಒಂದು ಬಗೆಯ ಪ್ಲಾಸ್ಟಿಕ್. ನೇಯ್ದ ಬಟ್ಟೆಯಿಂದ ಅದನ್ನು ಬಿಸಿನೀರಿನಲ್ಲಿ ತೊಳೆದು ತೆಗೆಯುವುದು ಮಿತ್ಸುಯೊಳ ಕಸುಬು. ಆ ನೀರು ಹಿತ್ತಿಲ ತೊಟ್ಟಿಯಲ್ಲಿ ನಿಂತು ತಿಳಿಯಾಗಿ ಕಾಲುವೆಗೆ, ಅಲ್ಲಿಂದ ಭತ್ತದ ಗದ್ದೆಗಳಿಗೆ ಹೋಗಬೇಕು.

ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವನು ಅವಳ ಗಂಡ ಶಿಗೇರು. ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಅವಳೊಬ್ಬಳೇ. ನೇಕಾರರು ಬಟ್ಟೆಯ ಸುರುಳಿ ತಂದಿಳಿಸುವ ದಿನ ನಾಲ್ಕು ಮಾತು. ಉಳಿದ ದಿನ ತನ್ನ ದನಿ ತನಗೇ ಮರೆತುಹೋಗುತ್ತಿತ್ತು. ಸಂಜೆ ಚಪ್ಪಲಿ ಬಿಡುತ್ತಾ "ಬಂದೆ" ಎಂದು ಒಳಗೆ ಕೂಗುವ ರೂಢಿ ಮಾತ್ರ ಬಿಟ್ಟಿರಲಿಲ್ಲ.

ಗದ್ದೆಗೆ ನೀರು ಬಿಡುವುದರೊಳಗೆ ನೊರೆ ನಿಲ್ಲದಿದ್ದರೆ ಅವಳ ಮನೆಯ ತೂಬು ಮುಚ್ಚುತ್ತೇವೆ ಎಂದು ಕಾಲುವೆ ಸಂಘದವರು ಹೇಳಿಹೋದರು. ತೂಬು ಮುಚ್ಚಿದರೆ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ಆ ನಾಲ್ಕು ಮಾತೂ ಇಲ್ಲ.

ಮಹಿಳಾ ಸಂಘದ ಪರವಾಗಿ ತೊಟ್ಟಿಗಳನ್ನು ನೋಡುವ ಇಕುಯೊ ಬಂದಳು. ಇಬ್ಬರಿಗೂ ಚಿಕ್ಕಂದಿನಿಂದ ಪರಿಚಯ. ಮಿತ್ಸುಯೊ ಅವಳನ್ನು ನೇರ ಹಿತ್ತಿಲಿಗೆ ಕರೆದೊಯ್ದಳು.

"ತೊಟ್ಟಿ ಗಲೀಜಾಗಿದ್ರೆ ಒಪ್ಕೋತಿದ್ದೆ ಕಣೇ. ನೋಡು, ಒಳ್ಳೆ ಕನ್ನಡಿ ಥರ ಇದೆ."

ಇಕುಯೊ ಬಗ್ಗಿ ಮೂಸಿದಳು. ಮಣ್ಣಿನ ವಾಸನೆ ಬರಬೇಕಿದ್ದಲ್ಲಿ ಏನೂ ಇರಲಿಲ್ಲ.

"ಏನ್ ಸುರಿದ್ರಿ ಅಕ್ಕ?"

ವರ್ಷದ ಕೊನೆಯ ದೊಡ್ಡ ಸ್ವಚ್ಛತೆಯಲ್ಲಿ ಮನೆ, ಅಟ್ಟ, ಒಲೆಯ ಕರಿ ಎಲ್ಲ ತೊಳೆದಾದ ಮೇಲೆ ಮಿತ್ಸುಯೊ ತೊಟ್ಟಿಯನ್ನೂ ಬಿಟ್ಟಿರಲಿಲ್ಲ. ತಳದ ಕರಿ ಕೆಸರನ್ನೆಲ್ಲ ಬಳಿದು ಸಾಗಹಾಕಿ, ಬಾಟಲಿಗಟ್ಟಲೆ ಬ್ಲೀಚು ಸುರಿದಿದ್ದಳು. ಕೊಳೆ ಇಟ್ಟುಕೊಂಡು ಯಾರಾದರೂ ಹೊಸ ವರ್ಷಕ್ಕೆ ಕಾಲಿಡುತ್ತಾರೆಯೇ ಎಂದು ಕೇಳಿದಳು.

"ಆ ಕೊಳೇನೇ ಅಕ್ಕ ನಿಮ್ಮ ಆಳುಮಕ್ಕಳು. ಎಲ್ಲರನ್ನೂ ಸಾಯಿಸಿಬಿಟ್ರಿ."

"ಹೋಗೇ. ಗಂಜಿ ನೀರಲ್ಲಿ ಕರಗಿಹೋಗತ್ತೆ. ಕರಗಿದ್ಮೇಲೆ ಅದ್ರಲ್ಲಿ ಇನ್ನೇನಿದೆ?"

ಇಕುಯೊ ವಾದಕ್ಕಿಳಿಯಲಿಲ್ಲ. ತೊಟ್ಟಿಯ ತಿಳಿ ನೀರನ್ನು ಒಂದು ತಟ್ಟೆಗೆ ಹುಯ್ದು ಸೀಮೆಣ್ಣೆ ಒಲೆಯ ಪಕ್ಕ ಇಟ್ಟು, ನಾಳೆ ಬರುತ್ತೇನೆಂದು ಹೋದಳು. ಬೆಳಿಗ್ಗೆ ನೀರು ಆರಿತ್ತು. ಮಿತ್ಸುಯೊ ಅಂಚನ್ನು ಉಗುರಿನಿಂದ ಎಬ್ಬಿಸಿದಾಗ ತೆಳ್ಳನೆಯ ಹಾಳೆಯೊಂದು ತಟ್ಟೆಯಿಂದ ಎದ್ದು ಬಂತು. ಅದರಾಚೆ ಅವಳ ಬೆರಳುಗಳು ಕಾಣುತ್ತಿದ್ದವು. ಇಷ್ಟು ದಿನ ಇದು ಕಾಲುವೆಗೆ ಹೋಗಿದೆ ಎಂದು ಅವಳಿಗೆ ಆಗ ಹೊಳೆಯಿತು.

ಇಕುಯೊ ಬಂದು ಚಹಾ ಕುಡಿಯುತ್ತಾ ಬಿಡಿಸಿ ಹೇಳಿದಳು. ಈ ಗಂಜಿ ಎಂದರೆ ಕಣ್ಣಿಗೆ ಕಾಣದ ಉದ್ದುದ್ದ ಸರಪಳಿಗಳು. ನೀರು ಅವನ್ನು ಬಿಡಿಬಿಡಿಯಾಗಿ ಹರಡುತ್ತದೆ, ತುಂಡರಿಸುವುದಿಲ್ಲ; ಹಾಗೇ ಉಳಿದ ಗಂಜಿಯೇ ಕಾಲುವೆಯಲ್ಲಿ ನೊರೆ ಕಟ್ಟುತ್ತದೆ. ತುಂಡರಿಸುವುದು ಕೆಸರಿನಲ್ಲಿರುವ ಬ್ಯಾಕ್ಟೀರಿಯಾ. ಅವುಗಳ ಬಳಿ ಕಿಣ್ವಗಳೆಂಬ ಕತ್ತರಿಗಳಿವೆ. ಒಂದು ಕಿಣ್ವ ಸರಪಳಿಯ ಕೊಂಡಿಯನ್ನು ಸಡಿಲ ಮಾಡುತ್ತದೆ, ಇನ್ನೊಂದು ಅಲ್ಲೇ ಕತ್ತರಿಸುತ್ತದೆ. ಚೂರುಗಳನ್ನು ಅವು ತಿಂದು ಬದುಕುತ್ತವೆ.

"ಇನ್ನೊಂದು ಇದೆ ಅಕ್ಕ. ಕತ್ತರಿ ಇರೋ ಜಾತಿ ಎಷ್ಟೋ ಸಲ ಒಂಟಿಯಾಗಿ ಬದುಕಲ್ಲ. ಕತ್ತರಿ ಹರಿತ ಆಗೋಕೆ ಒಂದು ಪದಾರ್ಥ ಬೇಕು. ಅದನ್ನ ಮಾಡಿಕೊಡೋದು ಪಕ್ಕದಲ್ಲಿರೋ ಬೇರೆ ಜಾತಿ. ಆ ಪಕ್ಕದ್ದಕ್ಕೆ ಗಂಜಿ ಕತ್ತರಿಸೋಕೆ ಬರಲ್ಲ. ಇವೆರಡೂ ಒಂದೇ ಕಡೆ ಇರ್ಬೇಕು."

ಅವು ಅಂಗಡಿಯಲ್ಲಿ ಸಿಗುತ್ತವೆಯೇ ಎಂದಳು ಮಿತ್ಸುಯೊ.

"ಸಿಗೋವು ಅನ್ನದ ಗಂಜಿ ತಿನ್ನೋವು. ಈ ಪ್ಲಾಸ್ಟಿಕ್ ಗಂಜಿ ಅವಕ್ಕೆ ರೂಢಿ ಇಲ್ಲ. ನೀವು ತರಕಾರಿ ಹುದುಗಿಸೋ ತೌಡಿನ ಉಪ್ಪಿನಕಾಯಿ ಮಡಕೆ ಕೆಟ್ಟೋದ್ರೆ ಏನ್ ಮಾಡ್ತೀರಿ?"

"ಯಾರದಾದ್ರೂ ಮಡಕೆಯಿಂದ ಒಂದು ಹಿಡಿ ತೌಡು ತಂದು ಹೆಪ್ಪು ಹಾಕ್ತೀನಿ."

ಇಕುಯೊ ಬೇಲಿಯಾಚೆ ನೋಡಿದಳು. ಅಲ್ಲಿ ತೊಮೊಯೆಯ ಮನೆ. ಅವಳೂ ಮಿತ್ಸುಯೊಳೂ ತೊಳೆಯುವುದು ಒಂದೇ ಗಂಜಿಯ ಬಟ್ಟೆ.

ತೊಮೊಯೆಯ ಬಾಗಿಲಿಗೆ ಹೋಗುವುದು ಸುಲಭವಿರಲಿಲ್ಲ. ಶಿಗೇರು ತೀರಿಕೊಂಡ ದಿನಗಳಲ್ಲಿ ಅವಳು ಬಟ್ಟಲ ತುಂಬ ಬೇಯಿಸಿದ ಮೂಲಂಗಿ ತಂದಿಟ್ಟಿದ್ದಳು. ಮಿತ್ಸುಯೊ ಆ ಬಟ್ಟಲನ್ನು ಫಳಫಳ ತೊಳೆದು, ಖಾಲಿಯಾಗಿ, ಮೆಟ್ಟಿಲ ಮೇಲಿಟ್ಟು ಬಂದಿದ್ದಳು. ನಮ್ಮಲ್ಲಿ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಒಂದು ಕಿತ್ತಳೆಯೋ ಬೆಂಕಿಪೊಟ್ಟಣವೋ ಹಾಕಿ ಕೊಡುತ್ತೇವೆ. ಅಂದಿನಿಂದ ಅವರಿಬ್ಬರ ಮಾತು ನಿಂತಿತ್ತು.

ಬಕೆಟ್ ಹಿಡಿದು ನಿಂತ ಮಿತ್ಸುಯೊಳನ್ನು ತೊಮೊಯೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕೆಸರು ಕೇಳೋಕೆ ಬಂದೆ" ಎಂದಳು ಮಿತ್ಸುಯೊ.

"ಬಕೆಟ್ಟನ್ನೂ ಚೆನ್ನಾಗಿ ತೊಳ್ಕೊಂಡೇ ಬಂದಿದೀಯ."

"ಅವತ್ತು ಬಟ್ಟಲಿಗೆ ಹಾಕೋಕೆ ಮನೇಲಿ ಏನೂ ಇರ್ಲಿಲ್ಲ."

ತೊಮೊಯೆ ಗಮ್‌ಬೂಟು ಹಾಕಿಕೊಳ್ಳಲು ಕುಳಿತಳು. ಮುಖ ಎತ್ತದೆ ಹೇಳಿದಳು: "ಏನೂ ಹಾಕ್ಬೇಕಿರ್ಲಿಲ್ಲ. ಬಾಗಿಲಾದ್ರೂ ತಟ್ಬೇಕಿತ್ತು."

ಇಬ್ಬರೂ ಸೇರಿ ಬಕೆಟ್ ಬಕೆಟ್ಟಾಗಿ ಕರಿ ಕೆಸರು ಹೊತ್ತು ಮಿತ್ಸುಯೊಳ ತೊಟ್ಟಿಗೆ ಹಾಕಿದರು. ತೊಟ್ಟಿಗೆ ಗಾಳಿ ಊದುವ ಯಂತ್ರವನ್ನು ನಿಲ್ಲಿಸಬಾರದು, ಮೊದಮೊದಲು ಗಂಜಿ ನೀರು ಸ್ವಲ್ಪವೇ ಬಿಡಬೇಕು, ಚಳಿಗೆ ಮೇಲೆ ಚಾಪೆ ಮುಚ್ಚಬೇಕು ಎಂದು ಇಕುಯೊ ಹೇಳಿಕೊಟ್ಟಳು. ಮಿತ್ಸುಯೊ ಆಗಾಗ ತಟ್ಟೆಯಲ್ಲಿ ನೀರು ಆರಿಸಿ ನೋಡುತ್ತಿದ್ದಳು. ಹಾಳೆ ತೆಳುವಾಯಿತು, ಆಮೇಲೆ ಉಗುರಿಗೆ ಸಿಗದಾಯಿತು. ಗದ್ದೆಗೆ ನೀರು ಬಿಟ್ಟ ದಿನ ಕಾಲುವೆಯಲ್ಲಿ ನೊರೆ ಇರಲಿಲ್ಲ. ಅವಳ ತೂಬು ತೆರೆದೇ ಇತ್ತು.

ಸಂಜೆ "ಬಂದೆ" ಎಂದರೆ ಇವತ್ತಿಗೂ ಒಳಗಿನಿಂದ ಉತ್ತರವಿಲ್ಲ. ಹಿತ್ತಿಲಲ್ಲಿ ತೊಟ್ಟಿ ಗುಳುಗುಳು ಎನ್ನುತ್ತಿರುತ್ತದೆ. ಬೇಲಿಯಾಚೆ ಇನ್ನೊಂದು ಗುಳುಗುಳು. ಅದನ್ನು ಕೇಳುತ್ತಾ ಅವಳು ತೌಡಿನ ಮಡಕೆಗೆ ಕೈಯಿಳಿಸಿ ಸೌತೆಕಾಯಿ ತೆಗೆಯುತ್ತಾಳೆ, ಎರಡು ಪಾಲು ಮಾಡುತ್ತಾಳೆ. ತೊಮೊಯೆಯ ಯಾವುದಾದರೊಂದು ಪಾತ್ರೆ ಅವಳ ಮನೆಯಲ್ಲಿ ಈಗ ಇದ್ದೇ ಇರುತ್ತದೆ.

ಅಕ್ಕತಂಗಿಯರೇ, ನೀರಿನಲ್ಲಿ ಕರಗಿದ್ದು ಇಲ್ಲವಾಯಿತು ಎಂದು ನಂಬಬೇಡಿ. ಅನುಮಾನವಿದ್ದರೆ ಒಂದು ತಟ್ಟೆ ನೀರು ಆರಿಸಿ ನೋಡಿ. ತೊಟ್ಟಿಗೆ ಬ್ಲೀಚು ಬೇಡ, ಕುದಿಯುವ ನೀರೂ ಬೇಡ. ಕೆಸರು ತೆಗೆಸುವಾಗ ಹೆಪ್ಪಿನಷ್ಟು ತಳದಲ್ಲಿ ಬಿಡಿ. ಅಕಸ್ಮಾತ್ ನಿಮ್ಮದು ಸತ್ತುಹೋದರೆ ಪಕ್ಕದ ಮನೆಯದು ಬದುಕಿರುತ್ತದೆ. ಬಕೆಟ್ ತೆಗೆದುಕೊಂಡು ಹೋಗಿ, ಬಾಗಿಲು ತಟ್ಟಿ.