ಉತ್ತರಪತ್ರಿಕೆಯೊಳಗಿನ ಸಹಿ

ಹೊಸಪೇಟೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಸಿಎ ಆಗಿರುವ ನಾನು, ವಂದನಾ, ನಲವತ್ತಾರನೇ ವಯಸ್ಸಿನಲ್ಲಿ ಎಂ.ಕಾಂ.ಗೆ ಸೇರಿದೆ. ಕೇಳಿದವರೆಲ್ಲ ನಕ್ಕರು. ನನ್ನ ಕಚೇರಿಯ ಗುಮಾಸ್ತ ಮುರುಗೇಶ್ ಮಾತ್ರ ನಗಲಿಲ್ಲ. ನನಗೆ ಏನೋ ಆಗಿದೆ ಎಂದು ಹೆದರಿದ.

ಇದಕ್ಕೆಲ್ಲ ಕಾರಣ ಕಂಪ್ಲಿಯ ಒಂದು ಕಾಲೇಜು. ಅಲ್ಲಿನ ಪ್ರಾಂಶುಪಾಲೆ ಕೊಟ್ರಬಸಮ್ಮ ಒಂದು ಶನಿವಾರ ಉಪನ್ಯಾಸಕ್ಕೆ ಕರೆದಿದ್ದರು. ಬೋರ್ಡಿನ ಮೇಲೆ ಯಂತ್ರದ ಸವಕಳಿ ಲೆಕ್ಕ ಬಿಡಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಮೂರನೇ ವರ್ಷದ್ದು ತಪ್ಪೈತ್ರಿ" ಎಂದಳು. ನಿಜವಾಗಿಯೂ ತಪ್ಪಿತ್ತು. ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ತಿದ್ದಿರಲಿಲ್ಲ. ಗಿರಾಕಿಗಳು ಕೇಳುವುದು ಸಹಿ ಎಲ್ಲಿ ಹಾಕಲಿ ಎಂದಷ್ಟೇ. ಆವತ್ತಿನ ಖುಷಿ ಹೇಳತೀರದು. ವಾಪಸು ಬರುವ ಬಸ್ಸಿನಲ್ಲೇ ನಾನು ಮೇಷ್ಟರಾಗುವುದೆಂದು ತೀರ್ಮಾನಿಸಿಬಿಟ್ಟೆ.

"ಇನ್ನ ಎರಡು ವರ್ಷಕ್ಕ ನಮ್ಮಲ್ಲಿ ಒಂದು ಜಾಗ ಖಾಲಿ ಆಗ್ತೈತ್ರಿ. ಆದ್ರ ಎಂ.ಕಾಂ. ಬೇಕು," ಎಂದರು ಕೊಟ್ರಬಸಮ್ಮ, ಮರುದಿನ ಫೋನಿನಲ್ಲಿ ಕೇಳಿದಾಗ.

"ಸಿಎ ಅಂದ್ರ ಅದಕ್ಕ ಸಮ ಅಂತ ಸುತ್ತೋಲೆ ಐತಲ್ರಿ?"

"ಸುತ್ತೋಲೆ ಎಲ್ಲೋ ಐತ್ರಿ ಮೇಡಂ. ನಮ್ಮ ಆಡಳಿತ ಮಂಡಳಿಯವ್ರಿಗೆ ಎಂ.ಕಾಂ. ಹಾಳೀನ ಬೇಕು."

ದೂರಶಿಕ್ಷಣಕ್ಕೆ ಹೆಸರು ಹಚ್ಚಿದೆ. ಭಾನುವಾರದ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಅಂಜಲಿ, ಯಶವಂತನಗರದ ಗಣಿ ಕಂಪನಿಯ ಬಸ್ ಡ್ರೈವರನ ಮಗಳು. ವಯಸ್ಸು ಇಪ್ಪತ್ನಾಲ್ಕು. ಮೊದಲ ಅಸೈನ್‌ಮೆಂಟಿನಲ್ಲಿ "ಲೆಕ್ಕಪರಿಶೋಧನೆ ಎಂದರೇನು?" ಎಂದು ಕೇಳಿದ್ದರು. ದಿನಾ ಮಾಡುವುದನ್ನು ಬರೆದೆ. ಇಪ್ಪತ್ತಕ್ಕೆ ಏಳು ಬಂತು. ಅಂಜಲಿಗೆ ಹದಿನಾರು.

"ಪುಸ್ತಕದಾಗ ಇದ್ದಂಗ ಬರೀಬೇಕ್ರಿ ಮೇಡಂ. ನಿಮಗ ಗೊತ್ತಿದ್ದದ್ದು ಬರೀಬಾರ್ದು," ಎಂದಳು. ಸಿಟ್ಟು ನೆತ್ತಿಗೇರಿತು. ಆದರೆ ಪುಸ್ತಕದಲ್ಲಿದ್ದ ಅಂಗೈಯಗಲದ ವ್ಯಾಖ್ಯಾನವನ್ನು ಓದುತ್ತ ಹೋದಾಗ, ನಾನು ಅಭ್ಯಾಸಬಲದಿಂದ ಮಾಡುತ್ತಿದ್ದ ಎಷ್ಟೋ ಕೆಲಸಕ್ಕೆ ಒಂದು ಕಾರಣವಿತ್ತು ಎಂಬುದು ಮೊದಲ ಸಲ ತಿಳಿಯಿತು. ನಾಚಿಕೆಯೂ ಆಯಿತು. ಅಂದಿನಿಂದ ಅವಳು ನನಗೆ ಥಿಯರಿ ಕಲಿಸಿದಳು, ನಾನು ಅವಳಿಗೆ ಲೆಕ್ಕ ಕಲಿಸಿದೆ.

ಕೊನೆಯ ಪರೀಕ್ಷೆ ನನ್ನದೇ ವಿಷಯ. ಒಂದು ಕಂಪನಿಗೆ ಲೆಕ್ಕಪರಿಶೋಧಕರ ವರದಿ ಬರೆಯಿರಿ ಎಂಬ ಪ್ರಶ್ನೆ. ನೂರಾರು ಬರೆದ ಕೈ, ಒಂದೇ ಓಟಕ್ಕೆ ಮುಗಿಸಿ ನಿರಾಳವಾಗಿ ಹೊರಬಂದೆ.

ಫಲಿತಾಂಶ ಬಂದಾಗ ಆ ವಿಷಯದ ಎದುರು "ತಡೆಹಿಡಿಯಲಾಗಿದೆ" ಎಂದಿತ್ತು. ಬೆನ್ನಿಗೇ ವಿಶ್ವವಿದ್ಯಾಲಯದ ನೋಟಿಸು ಬಂತು. ವರದಿಯ ಕೆಳಗೆ ಸ್ಥಳ ಹೊಸಪೇಟೆ, ದಿನಾಂಕ, ನನ್ನ ಸಹಿ, ನನ್ನ ಸಿಎ ಸದಸ್ಯತ್ವ ಸಂಖ್ಯೆ ಎಲ್ಲವನ್ನೂ ಹಾಕಿಬಿಟ್ಟಿದ್ದೆ! ಉತ್ತರಪತ್ರಿಕೆಯೊಳಗೆ ಗುರುತು ಬಿಟ್ಟುಕೊಡುವುದು ಅಕ್ರಮ. ಅಂಜಲಿ ಪುಸ್ತಕದಲ್ಲಿದ್ದಂತೆ "ಅಬಕ ಅಂಡ್ ಕಂಪನಿ" ಎಂದು ಬರೆದು ಪಾಸಾಗಿದ್ದಳು.

ವಿಚಾರಣಾ ಸಮಿತಿಯ ಅಧ್ಯಕ್ಷರು ನಾಗೇಂದ್ರಪ್ಪ ಎಂಬ ಹಿರಿಯ ಪ್ರಾಧ್ಯಾಪಕರು. "ಕುಂದ್ರಿ ಮೇಡಂ," ಎಂದು ನೀರು ಕೊಟ್ಟರು. ಉತ್ತರಪತ್ರಿಕೆ ನನ್ನ ಕಡೆ ತಿರುಗಿಸಿ, "ಈ ಸಹಿ, ಈ ನಂಬರು, ಉತ್ತರಕ್ಕಂತ ಸುಮ್ನ ಕಲ್ಪಿಸಿ ಬರದಿದ್ದು. ನಿಮ್ಮವಲ್ಲ. ಹೌದಲ್ರಿ? ಹೌದು ಅಂದ್ರ ಇಲ್ಲಿಗೇ ಮುಗಿಸ್ತೀವಿ," ಎಂದರು.

ಬಾಗಿಲು ತೆಗೆದು ಹಿಡಿದು ನಿಂತಿದ್ದರು ಪುಣ್ಯಾತ್ಮರು. ಹೌದು ಎಂದರೆ ಜೂನ್ ತಿಂಗಳಲ್ಲಿ ಕಂಪ್ಲಿಯ ತರಗತಿ ನನ್ನದು. ಅದು ನನಗೆ ಬೇಕೇ ಬೇಕಿತ್ತು. ಹೌದು ಎನ್ನಲೆಂದೇ ಬಾಯಿ ತೆರೆದೆ. ಆದರೆ ಕಣ್ಣು ಆ ಸಹಿಯ ಮೇಲಿತ್ತು. ಅದನ್ನು ನಂಬಿ ಬ್ಯಾಂಕಿನವರು ಸಾಲ ಕೊಡುತ್ತಾರೆ, ಕಂಪನಿಯನ್ನು ಕಣ್ಣಾರೆ ನೋಡದ ಜನ ಷೇರಿಗೆ ದುಡ್ಡು ಹಾಕುತ್ತಾರೆ. ನನ್ನದಲ್ಲ ಎಂದು ನಾನೇ ಅಂದರೆ ಅದಕ್ಕೆ ಮತ್ತೆ ಗತಿ ಯಾರು?

"ನಂದೇ ರೀ," ಎಂದೆ.

ಅವರು ನಿಟ್ಟುಸಿರು ಬಿಟ್ಟು ಪೆನ್ನು ಎತ್ತಿಕೊಂಡರು. ಆ ವಿಷಯ ರದ್ದಾಯಿತು. ಮುಂದಿನ ವರ್ಷ ಮತ್ತೆ ಬರೆಯಬೇಕು. ಹೊರಗೆ ಬಂದು ನೆರಳಿನಲ್ಲಿ ನಿಂತು ಅತ್ತೆ. ಹೆಮ್ಮೆಗಿಮ್ಮೆ ಏನೂ ಇರಲಿಲ್ಲ, ಬರೀ ದುಃಖ.

ಕಂಪ್ಲಿಯ ಜಾಗ ಒಂದು ವರ್ಷ ಕಾಯುವ ಹಾಗಿರಲಿಲ್ಲ. ಅದು ಅಂಜಲಿಗೆ ಸಿಕ್ಕಿತು. ಪೇಡೆ ಡಬ್ಬಿ ಹಿಡಿದು ಕಚೇರಿಗೆ ಬಂದವಳು ಅಪರಾಧ ಮಾಡಿದವಳಂತೆ ಬಾಗಿಲಲ್ಲೇ ನಿಂತಳು.

"ಒಳಗ ಬಾರವ್ವ. ನಂಗ ಭಾಳ ಹೊಟ್ಟೆಕಿಚ್ಚಾಗೈತಿ, ಆದ್ರೂ ಪೇಡೆ ತಿಂತೀನಿ," ಎಂದೆ. ಎರಡು ತಿಂದೆ. ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ.

"ಮುಂದಿನ ಸಲ ನಾನ ನಿಮ್ಮನ್ನ ಪಾಸು ಮಾಡಿಸ್ತೀನ್ರಿ," ಎಂದಳು ಕಣ್ಣೊರೆಸಿಕೊಂಡು.

ಮಾತಿಗೆ ತಪ್ಪಲಿಲ್ಲ. ಈಗ ಪ್ರತಿ ಭಾನುವಾರ ಕಂಪ್ಲಿಯಿಂದ ಬರುತ್ತಾಳೆ, ನನ್ನ ಮೇಜಿನ ಆಚೆ ಬದಿಯ ಗಿರಾಕಿಗಳ ಕುರ್ಚಿಯಲ್ಲಿ ನನ್ನನ್ನು ಕೂರಿಸುತ್ತಾಳೆ. ಹೋದ ವಾರ ಅದೇ ವರದಿಯ ಪ್ರಶ್ನೆ ಕೊಟ್ಟಳು. ಬರೆದೆ. ಕೊನೆಯ ಸಾಲಿನ ಚುಕ್ಕೆ ಇಟ್ಟದ್ದೇ, ನನಗರಿವಿಲ್ಲದೆ ಪೆನ್ನು ಕೆಳಗಿನ ಖಾಲಿ ಜಾಗಕ್ಕೆ ಸರಿಯಿತು.

ಅಂಜಲಿ ನನ್ನ ಮಣಿಕಟ್ಟು ಹಿಡಿದುಕೊಂಡಳು.