ಗುರುವಾರದ ಸಾಲಿನ ಫೋಟೋ

ಜನೆಲ್ ಟೆರ್ವೋಗೆ ಆ ಲೆಕ್ಕದ ತಲೆಬುಡ ಅರ್ಥವಾಗಲಿಲ್ಲ. ಪೈಕ್ ಕ್ರೀಕ್ ಎಂಬ ಊರಿನ ಚರ್ಚಿನವರು ನಡೆಸುವ ಪುಕ್ಕಟೆ ದಿನಸಿ ಕೋಣೆಗೆ ಅವಳು ಹೊಸ ವೆಬ್‌ಸೈಟ್ ಮಾಡಿಕೊಟ್ಟು ಮೂರು ವಾರವಾಗಿತ್ತು. ಹಳೆಯದನ್ನು ದಿನಕ್ಕೆ ನಾಲ್ಕು ಜನ ನೋಡಿದ್ದರೆ ಹೆಚ್ಚು. ಹೊಸದನ್ನು ಒಂದೇ ವಾರದಲ್ಲಿ ಆರುನೂರು ಜನ ನೋಡಿದ್ದರು. ಆ ಊರಲ್ಲಿ ಇರುವುದೇ ಒಂಬೈನೂರು ತಲೆ. ಬಂದವರು ಸುಮ್ಮನೆ ಇಣುಕಿ ಹೋದರೇ? ಅದೂ ಇಲ್ಲ, ಮೊದಲ ಪುಟದಲ್ಲೇ ಆರಾರು ನಿಮಿಷ ಕೂತಿದ್ದರು. ಈ ಕಸುಬಿನಲ್ಲಿ ಒಂದು ನಿಮಿಷ ನಿಂತವರನ್ನು ಕಂಡರೇ ಹಬ್ಬ. ಆದರೆ ಪ್ರತಿ ಗುರುವಾರ ದಿನಸಿ ಒಯ್ಯುತ್ತಿದ್ದ ಐವತ್ತು ಮನೆಗಳಲ್ಲಿ ಕಳೆದ ವಾರ ಬಂದದ್ದು ಬರೀ ಹನ್ನೊಂದು.

ಈ ಗುರುವಾರ ಮೂವತ್ತು ಮನೆಯವರಾದರೂ ಬರದಿದ್ದರೆ ಹಾಲು, ಮೊಟ್ಟೆ, ಮಾಂಸ ತರುವ ಲಾರಿ ನಿಲ್ಲಿಸುತ್ತೇವೆಂದು, ಇಂಥ ಕೋಣೆಗಳಿಗೆಲ್ಲ ದಿನಸಿ ಹಂಚುವ ದೊಡ್ಡ ಉಗ್ರಾಣದವರು ಹೇಳಿಬಿಟ್ಟಿದ್ದರು. ಬೇಕಿಲ್ಲದ ಊರಿಗೆ ಲಾರಿ ಯಾಕೆ ಎಂಬುದು ಅವರ ವಾದ. ಬೇಕಿಲ್ಲವಂತೆ! ಊರಿನ ಮರ ಕೊಯ್ಯುವ ಸಾಮಿಲ್ಲು ಬೇಸಿಗೆಯಲ್ಲೇ ಬಾಗಿಲು ಹಾಕಿತ್ತು, ಅರ್ಧ ಊರಿಗೆ ಕೆಲಸವಿರಲಿಲ್ಲ. ಜನೆಲ್ ಅಕ್ಷರ ದಪ್ಪ ಮಾಡಿದಳು. ಬಾಗಿಲು ತೆರೆಯುವ ಹೊತ್ತನ್ನು ಮೇಲಕ್ಕೆ ತಂದಳು. ಪುಟದಲ್ಲಿ ಒತ್ತುವ ಹಸಿರು ಗುಂಡಿಯನ್ನು ಹಳದಿ ಮಾಡಿದಳು. ನಕ್ಷೆ ಸರಿಯಿತ್ತು, ಫೋನಿನಲ್ಲೂ ಸರಿಯಾಗಿ ತೆರೆಯುತ್ತಿತ್ತು. ಮತ್ತೇನು ರೋಗ ಇದಕ್ಕೆ ಎಂದು ಬುಧವಾರ ಬೆಳಿಗ್ಗೆ ತಾನಿದ್ದ ಪಟ್ಟಣದಿಂದ ನಲವತ್ತು ಮೈಲಿ ಕಾರೋಡಿಸಿಕೊಂಡು ಊರಿಗೆ ಬಂದಳು. ಅದು ಅವಳು ಹುಟ್ಟಿದೂರೇ.

ಚರ್ಚಿನ ನೆಲಮಾಳಿಗೆಯಲ್ಲಿ ಐಲಿ ಕಂಗಾಸ್ ಬೀನ್ಸ್ ಡಬ್ಬಿ ಜೋಡಿಸುತ್ತಿದ್ದಳು. ಎಪ್ಪತ್ತೆಂಟರ ಮುದುಕಿ, ಇಪ್ಪತ್ತೆರಡು ವರ್ಷದಿಂದ ಈ ಕೋಣೆ ನಡೆಸುತ್ತಿರುವವಳು. ಅವಳ ಮನೆಯಲ್ಲಿ ಕಂಪ್ಯೂಟರೇ ಇಲ್ಲ.

"ಐಲಿ, ಆರುನೂರು ಜನ ನೋಡಿದಾರೆ, ಬರೋರು ಮಾತ್ರ ಇಲ್ಲ. ನಂಗಂತೂ ತಲೆ ಕೆಟ್ಟುಹೋಗಿದೆ."

"ನಿಂಗೆ ಈಗ ಕೆಟ್ಟಿದೆ. ನಂಗೆ ಕೆಟ್ಟು ಎರಡು ವಾರ ಆಯ್ತು. ಆ ಮೊಟ್ಟೆ ನೋಡು, ಎಪ್ಪತ್ತು ಡಜನ್. ನಾನೊಬ್ಬಳೇ ತಿನ್ಲಾ?"

"ಬೇರೆ ಊರಿಗೆ ಹೋಗ್ತಿದಾರೇನೋ?"

"ಕಾರಿಗೆ ಪೆಟ್ರೋಲ್ ಯಾರು ಹಾಕಿಸ್ತಾರೆ, ನೀನಾ? ಎಲ್ಲಿ, ತೋರಿಸು ನಿನ್ನ ಸೈಟು. ಚರ್ಚ್ ಕಮಿಟಿಯೋರು ನೋಡಿ ಕುಣಿದಾಡಿದ್ರು, ನಾನಿನ್ನೂ ಕಂಡೇ ಇಲ್ಲ."

ಜನೆಲ್ ಡಬ್ಬಿಗಳ ಪೆಟ್ಟಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದಳು. ಪುಟದ ನೆತ್ತಿಯ ಮೇಲೇ ಗುರುವಾರದ ಸಾಲಿನ ದೊಡ್ಡ ಫೋಟೋ. ಅಕ್ಟೋಬರಿನಲ್ಲಿ ಅವಳೇ ರಸ್ತೆಯಾಚೆ ನಿಂತು ತೆಗೆದದ್ದು. ಕೊಂಡುತಂದ ಫೋಟೋಗಳ ನಗುಮುಖಗಳನ್ನು ಹಾಕಬಾರದು, ನಿಜವಾದ ಜನರನ್ನೇ ತೋರಿಸಬೇಕು ಎನ್ನುವುದು ಕಸುಬಿನ ಪಾಠ. ಪಾಪದವರ ಮಾನ ಹೋಗಬಾರದೆಂಬುದು ಅವಳದೇ ಎಚ್ಚರ. ಅದಕ್ಕೇ ಒಂದು ಮುಖವೂ ಕಾಣದಂತೆ, ಬರೀ ಬೆನ್ನುಗಳನ್ನು ಹಿಡಿದಿದ್ದಳು. ಈ ಉಪಾಯದ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು.

ಐಲಿ ಕನ್ನಡಕ ಏರಿಸಿದಳು. ನೋಡಿಯೇ ನೋಡಿದಳು.

"ಎಲ್ಲರ ಹೆಸರೂ ಯಾಕೆ ಹಾಕಿದೆ ಹುಡುಗಿ?"

"ಯಾವ ಹೆಸರು? ಒಬ್ಬರದ್ದೂ ಇಲ್ವಲ್ಲ. ಮುಖಾನೇ ಇಲ್ಲ."

ಐಲಿ ಪರದೆಯ ಮೇಲೆ ಬೆರಳಿಟ್ಟಳು. "ಇವಳು ಡೋರಿನ್. ಎಡಗಾಲು ಹೀಗೆ ಊರೋದು ಅವಳೊಬ್ಬಳೇ. ಈ ಕಿತ್ತಳೆ ಜಾಕೆಟ್ಟು, ಮೊಣಕೈಗೆ ತೇಪೆ, ಇದು ಸ್ಕೂಲ್ ಬಸ್ ಓಡಿಸೋ ಲೈಲ್. ಇಲ್ಲಿ ಚಳಿಗೆ ಆರು ತಿಂಗಳು ಎಲ್ಲರೂ ಮುಸುಕು ಹಾಕ್ಕೊಂಡೇ ಓಡಾಡ್ತೀವಿ ಕಣೇ. ಬೆನ್ನು ನೋಡಿನೇ ಹೆಸರು ಹಿಡಿದು ಕೂಗ್ತೀವಿ. ಪಟ್ಟಣ ಸೇರಿ ಅದೂ ಮರೆತೆಯಾ?"

ಜನೆಲ್‌ಗೆ ಈಗ ಹೊಳೆಯಿತು. ಆ ಆರು ನಿಮಿಷ ಅಂದರೆ ಇದು! ಊರಿಗೆ ಊರೇ ಅಡುಗೆಮನೆಯಲ್ಲಿ ಫೋನು ಹಿಡಿದು ಕೂತು, ಇದು ಯಾರ ಬೆನ್ನು, ಅದು ಯಾರದು ಎಂದು ಪತ್ತೆ ಮಾಡುತ್ತಿತ್ತು.

ಐಲಿಯ ಬೆರಳು ಸಾಲಿನ ಕೊನೆಗೆ ಹೋಗಿ, ಹಿಂದೆ ಸರಿಯಿತು.

"ಇದ್ಯಾರು?" ಎಂದಳು ಜನೆಲ್.

"ನಿಜವಾಗ್ಲೂ ಗೊತ್ತಾಗ್ತಿಲ್ವಾ ನಿಂಗೆ?"

ಜನೆಲ್ ಫೋಟೋ ಹಿಗ್ಗಿಸಿದಳು. ಈ ಬೂದು ಕೋಟಿನ ಮೇಲೆ ಅವಳು ಒಂದು ಗಂಟೆ ಕೆಲಸ ಮಾಡಿದ್ದಳು. ಕತ್ತಲಾಗಿ ಕಾಣುತ್ತದೆಂದು ಅದಕ್ಕೊಂದಿಷ್ಟು ಬೆಳಕು ಕೊಟ್ಟಿದ್ದವಳೂ ಅವಳೇ. ಬಲಭುಜ ಚೂರು ಇಳಿದಿತ್ತು. ಅದು ವೇಡ್, ಅವಳ ಒಡಹುಟ್ಟಿದ ಅಣ್ಣ. ಸಾಮಿಲ್ಲು ಮುಚ್ಚಿದ ಮೇಲೂ ಪ್ರತಿ ಭಾನುವಾರ ಫೋನಿನಲ್ಲಿ ಚೆನ್ನಾಗಿದ್ದೀನಿ ಅನ್ನುತ್ತಿದ್ದವನು.

ಅಲ್ಲೇ ನಿಂತು ಫೋಟೋ ತೆಗೆದುಹಾಕಿದಳು. ಫೋಟೋ ಹೋಯ್ತು, ನಾಳೆ ಬನ್ನಿ ಎಂದು ಐಲಿ ಮನೆ ಮನೆಗೆ ಫೋನು ಹಚ್ಚತೊಡಗಿದಳು. ಜನೆಲ್ ಸೀದಾ ಅಣ್ಣನ ಮನೆಗೆ ಹೋದಳು. ಅವನು ಹಿತ್ತಲಲ್ಲಿ ಸೌದೆ ಒಟ್ಟುತ್ತಿದ್ದ, ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ನೀನು ಅಂತ ಗೊತ್ತಾಗ್ಲಿಲ್ಲ ವೇಡ್. ದೇವರಾಣೆಗೂ ಗೊತ್ತಾಗ್ಲಿಲ್ಲ."

"ನೀನು ಕ್ಯಾಮೆರಾ ಹಿಡ್ಕೊಂಡು ನಿಂತಿದ್ದು ಕಂಡೇ ಆ ಕಡೆ ತಿರುಗಿದೆ. ನೀನೂ ನನ್ನ ನೋಡಿ, ನೋಡದ ಹಾಗೆ ಇದೀಯ ಅಂದ್ಕೊಂಡೆ. ನನ್ನ ಮಾನ ಕಾಯೋಕೆ. ಆಮೇಲೆ ನೋಡಿದ್ರೆ ಊರಿಗೆಲ್ಲ ತೋರಿಸಿದೀಯ. ಯಾಕೆ ಅಂತ ಮೂರು ವಾರದಿಂದ ಯೋಚಿಸ್ತಿದೀನಿ, ಬಗೆಹರೀತಿಲ್ಲ."

"ಗೊತ್ತಿದ್ರೆ ಹಾಕ್ತಿದ್ನಾ?"

ವೇಡ್ ಕೈಯಲ್ಲಿದ್ದ ಕೊರಡನ್ನು ಕೆಳಗಿಟ್ಟ. "ಗೊತ್ತಿದ್ದೂ ಹಾಕಿದ್ರೇ ವಾಸಿ ಇತ್ತು ಜನೆಲ್. ಲೈಲ್‌ನ ಹೆಂಡತಿ ಗುರುತು ಹಿಡಿದ್ಲು. ಪೋಸ್ಟಾಫೀಸಿನ ಹುಡುಗಿ ಹಿಡಿದ್ಲು. ನೀನು ಹಿಡೀಲಿಲ್ಲ."

ನಾಳೆ ದಿನಸಿಗೆ ಬರುತ್ತೀಯಾ ಎಂದು ಜನೆಲ್ ಕೇಳಿದಳು. ಅವನು ಒಂದು ಹೊರೆ ಸೌದೆ ಎತ್ತಿಕೊಂಡು ಒಳಗೆ ಹೋದ.

ಗುರುವಾರ ಮಧ್ಯಾಹ್ನ ಐಲಿಯ ಫೋನು ಬಂತು. "ಮೂವತ್ತನಾಲ್ಕು ಮನೆ. ಲಾರಿ ಉಳೀತು."

"ವೇಡ್ ಬಂದಿದ್ನಾ?"

"ನಿನ್ನೆ ನಿನ್ನ ಮುಂದೆ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ಇಲ್ಲಿಗೆ ಬಂದೋರ ಹೆಸರು ನಾನು ಯಾರಿಗೂ ಹೇಳಲ್ಲ. ನಿಂಗೂ ಹೇಳಲ್ಲ," ಎಂದು ಐಲಿ ಫೋನಿಟ್ಟಳು.